ರೆಡ್‌ಮೈನ್ ಹಿಂದೆ ಪೋಸ್ಟ್‌ಗ್ರೆಸ್: ಇಶ್ಯೂ ಟ್ರ್ಯಾಕರ್‌ಗೆ ಡೇಟಾಬೇಸ್ ಕೂರಿಸುವುದು

[ಸ್ಕ್ರೀನ್: ರೆಡ್‌ಮೈನ್‌ನಲ್ಲಿ ಒಂದು ಇಶ್ಯೂ. ತಲೆಬರಹ: "ಪೇಮೆಂಟ್ ಆದರೂ ರಸೀದಿ ಬರುತ್ತಿಲ್ಲ"]

ನಮಸ್ಕಾರ. ಇದು ರೆಡ್‌ಮೈನ್, ಟೀಮ್‌ನ ಬಗ್‌ಗಳನ್ನೂ ಕೆಲಸಗಳನ್ನೂ ಒಂದೊಂದು ಇಶ್ಯೂ ಆಗಿ ಬರೆದಿಡುವ ಸಾಫ್ಟ್‌ವೇರ್. ಈ ಇಶ್ಯೂ ನೋಡಿ. ದುಡ್ಡು ಕಟ್ಟಿದರೂ ರಸೀದಿ ಬರುತ್ತಿಲ್ಲ ಅಂತ ಟೆಸ್ಟರ್ ಬರೆದಿದ್ದಾರೆ. ಸ್ವಲ್ಪ ಕೆಳಗೆ ಬನ್ನಿ. ಯಾರಿಗೆ ಕೊಟ್ಟರು, ಸ್ಟೇಟಸ್ ಯಾವಾಗ ಬದಲಾಯಿತು, ಯಾರು ಏನು ಹೇಳಿದರು, ಎಲ್ಲಾ ಸಾಲಾಗಿ ಇದೆ. ಅದೇ ಬಗ್ ಮತ್ತೆ ತಲೆ ಎತ್ತಿದರೆ ಎಲ್ಲರೂ ಮೊದಲು ಹುಡುಕುವುದು ಈ ಸಾಲುಗಳನ್ನೇ.

ರೆಡ್‌ಮೈನ್ ಸಾಫ್ಟ್‌ವೇರ್ ಹಾಳಾದರೆ ಮತ್ತೆ ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಈ ಇತಿಹಾಸ ಹೋದರೆ ಹೋಯಿತು. ಅದು ಇರುವುದು ರೆಡ್‌ಮೈನ್ ಹಿಂದೆ ಕೂತಿರುವ ಡೇಟಾಬೇಸ್‌ನಲ್ಲಿ. ಹಾಗಾಗಿ ಇವತ್ತಿನ ವಿಡಿಯೋದಲ್ಲಿ ಮುಂದಿನ ಪರದೆಗಿಂತ ಹಿಂದಿನ ಮನೆಯ ಮಾತೇ ಜಾಸ್ತಿ.

ರೆಡ್‌ಮೈನ್ 2006ರಲ್ಲಿ ಬಂತು. ರೂಬಿ ಆನ್ ರೈಲ್ಸ್ ಅನ್ನುವ ವೆಬ್ ಫ್ರೇಮ್‌ವರ್ಕ್‌ನಲ್ಲಿ ಬರೆದದ್ದು, ಓಪನ್ ಸೋರ್ಸ್. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್, ಎಸ್‌ಕ್ಯೂಲೈಟ್, ಈ ನಾಲ್ಕು ಡೇಟಾಬೇಸ್‌ಗಳ ಜೊತೆಗೂ ಹೊಂದಿಕೊಳ್ಳುತ್ತದೆ.

ಎಸ್‌ಕ್ಯೂಲೈಟ್ ಸುಲಭ ಅಲ್ವಾ, ಒಂದೇ ಫೈಲ್, ಸರ್ವರ್ ಬೇಡ ಅಂತ ನಿಮಗೆ ಅನಿಸಬಹುದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆಡಿ ನೋಡಲು ಅಷ್ಟು ಸಾಕು. ಆದರೆ ಎಸ್‌ಕ್ಯೂಲೈಟ್ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ಇದ್ದ ಹಾಗೆ: ಓದಲು ಎಷ್ಟು ಜನ ಬೇಕಾದರೂ ಬಗ್ಗಿ ನೋಡಬಹುದು, ಬರೆಯುವವರು ಒಂದು ಸಲಕ್ಕೆ ಒಬ್ಬರೇ. ಟೀಮ್‌ನಲ್ಲಿ ನಾಲ್ಕಾರು ಜನ ಒಟ್ಟಿಗೆ ಇಶ್ಯೂ ಅಪ್‌ಡೇಟ್ ಮಾಡಲು ಹೋದರೆ "ಡೇಟಾಬೇಸ್ ಈಸ್ ಲಾಕ್ಡ್" ಅನ್ನುವ ಎರರ್ ಮುಖಕ್ಕೆ ಬರುತ್ತದೆ.

ಸರಿ, ಆಮೇಲೆ ಬದಲಾಯಿಸಿದರಾಯಿತು ಅಂತೀರಾ? ಅದೇ ಕಷ್ಟ. ಒಂದು ಡೇಟಾಬೇಸ್‌ನಿಂದ ಇನ್ನೊಂದಕ್ಕೆ ಸಾಲುಗಳನ್ನು ಹಳೆಯ ಐಡಿ ಸಮೇತ ಸಾಗಿಸುತ್ತೀರಿ. ಪೋಸ್ಟ್‌ಗ್ರೆಸ್‌ನಲ್ಲಿ ಹೊಸ ಐಡಿ ಕೊಡುವುದು ಸೀಕ್ವೆನ್ಸ್ ಅನ್ನುವ ಎಣಿಕೆ. ನೀವು ಸಾಗಿಸಿದ್ದು ಆ ಎಣಿಕೆಗೆ ಗೊತ್ತಿಲ್ಲ. ಅದು ಇನ್ನೂ 1ರಲ್ಲೇ ನಿಂತಿರುತ್ತದೆ. ಎಲ್ಲಾ ಚೆನ್ನಾಗಿದೆ ಅಂದುಕೊಂಡು ಹೊಸ ಇಶ್ಯೂ ಹಾಕುತ್ತೀರಿ, "ಡೂಪ್ಲಿಕೇಟ್ ಕೀ" ಅಂತ ಒದರುತ್ತದೆ. ಒಂದೊಂದು ಟೇಬಲ್‌ನ ಸೀಕ್ವೆನ್ಸನ್ನೂ ಮುಂದಕ್ಕೆ ತಳ್ಳಬೇಕು. ಈ ತಲೆನೋವು ಬೇಡ ಅಂದರೆ ಮೊದಲ ದಿನವೇ ಸರಿಯಾದದ್ದನ್ನು ಹಾಕಿಕೊಳ್ಳಿ.

ಮೈಎಸ್‌ಕ್ಯೂಎಲ್ ಯಾಕೆ ಬೇಡ? ಬೇಡ ಅಂತೇನಿಲ್ಲ. ಆದರೆ ಹಳೆಯ ಸರ್ವರ್ ಇದ್ದರೆ ಒಂದು ವಿಷಯ ಗಮನಿಸಿ. ಕನ್ನಡದಲ್ಲಿ ಬರೆಯುವವರಿಗೆ ಇದು ತಮಾಷೆಯಾಗಿ ಕಾಡುತ್ತದೆ.

[ಸ್ಕ್ರೀನ್: "ಕ್ಷ" ಅಕ್ಷರ ಒಡೆದು ಮೂರು ತುಂಡಾಗುವುದು: ಕ, ಹಲಂತ ಚಿಹ್ನೆ (್), ಷ]

ಯುಟಿಎಫ್-8 ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಒಂದು ರೀತಿ. ಅದರಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟ್‌ಗೆ, ಅಂದರೆ ಯೂನಿಕೋಡ್ ಸಂಖ್ಯೆ ಇರುವ ಒಂದೊಂದು ತುಂಡಿಗೆ, 3 ಬೈಟ್ ಬೇಕು. ಕಣ್ಣಿಗೆ ಒಂದೇ ಆಗಿ ಕಾಣುವ "ಕ್ಷ"ದಲ್ಲಿ ಮೂರು ಕೋಡ್ ಪಾಯಿಂಟ್ ಇವೆ, ಅಂದರೆ 9 ಬೈಟ್. ಮೈಎಸ್‌ಕ್ಯೂಎಲ್‌ನಲ್ಲಿ ಬಹಳ ಕಾಲ "ಯುಟಿಎಫ್8" ಅಂತ ಹೆಸರಿದ್ದದ್ದು ನಿಜವಾದ ಯುಟಿಎಫ್-8 ಅಲ್ಲ. ಒಂದು ಕೋಡ್ ಪಾಯಿಂಟ್‌ಗೆ 3 ಬೈಟ್ ತನಕ ಮಾತ್ರ. ಹಾಗಾಗಿ ಕನ್ನಡ ಸಲೀಸಾಗಿ ಕೂರುತ್ತದೆ, ಟೆಸ್ಟ್ ಮಾಡಿದವರು ಖುಷಿಯಾಗುತ್ತಾರೆ. ಆಮೇಲೆ ಯಾರೋ ಕಾಮೆಂಟ್ ಕೊನೆಗೆ ಒಂದು ನಗುವ ಇಮೋಜಿ ಹಾಕುತ್ತಾರೆ. ಇಮೋಜಿಗೆ 4 ಬೈಟ್. ಸೇವ್ ಆಗುವುದಿಲ್ಲ, ಇಲ್ಲವೇ ಅಲ್ಲಿಗೇ ಕಾಮೆಂಟ್ ಕತ್ತರಿಸುತ್ತದೆ. 4 ಬೈಟ್ ಹಿಡಿಸುವ "ಯುಟಿಎಫ್8ಎಂಬಿ4" ಬಂದದ್ದು 2010ರಲ್ಲಿ, ಮೈಎಸ್‌ಕ್ಯೂಎಲ್ 5.5ರ ಜೊತೆ. ಅದೇ ಡೀಫಾಲ್ಟ್ ಆಗಲು 8.0 ಬರಬೇಕಾಯಿತು. ಪೋಸ್ಟ್‌ಗ್ರೆಸ್‌ನಲ್ಲಿ ಈ ಅರ್ಧಂಬರ್ಧ ಯುಟಿಎಫ್ ಕಥೆ ಇಲ್ಲ. ನನ್ನ ಓಟು ಅದಕ್ಕೇ.

[ಸ್ಕ್ರೀನ್: ಟರ್ಮಿನಲ್]

ಈಗ ಕೆಲಸಕ್ಕೆ ಇಳಿಯೋಣ. ಪೋಸ್ಟ್‌ಗ್ರೆಸ್ ಇನ್‌ಸ್ಟಾಲ್ ಆಗಿದೆ ಅಂದುಕೊಳ್ಳಿ. ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡುವ ಪಿಎಸ್‌ಕ್ಯೂಎಲ್ ಒಳಗೆ ಹೋಗಿ ಎರಡೇ ಕಮಾಂಡ್. ಮೊದಲನೆಯದು ಕ್ರಿಯೇಟ್ ರೋಲ್: ರೆಡ್‌ಮೈನ್ ಅನ್ನುವ ಬೇರೆ ಬಳಕೆದಾರ, ಲಾಗಿನ್ ಹಕ್ಕು, ಒಂದು ಪಾಸ್‌ವರ್ಡ್. ಸುಮ್ನೆ ಪೋಸ್ಟ್‌ಗ್ರೆಸ್ ಅಡ್ಮಿನ್ ಹೆಸರಲ್ಲೇ ಓಡಿಸಬೇಡಿ. ಎರಡನೆಯದು ಕ್ರಿಯೇಟ್ ಡೇಟಾಬೇಸ್: ಎನ್‌ಕೋಡಿಂಗ್ ಯುಟಿಎಫ್8, ಓನರ್ ರೆಡ್‌ಮೈನ್.

ಆ ಓನರ್ ಅನ್ನುವ ತುಂಡನ್ನು ಬಿಡಬೇಡಿ. ಮೊದಲೆಲ್ಲ ಪಬ್ಲಿಕ್ ಸ್ಕೀಮಾದಲ್ಲಿ, ಅಂದರೆ ಟೇಬಲ್‌ಗಳು ಡೀಫಾಲ್ಟ್ ಆಗಿ ಕೂರುವ ಜಾಗದಲ್ಲಿ, ಯಾರು ಬೇಕಾದರೂ ಟೇಬಲ್ ಮಾಡಬಹುದಿತ್ತು. 2022ರಲ್ಲಿ ಬಂದ ಪೋಸ್ಟ್‌ಗ್ರೆಸ್ 15 ಆ ಹಕ್ಕನ್ನು ತೆಗೆದುಹಾಕಿತು. ಹಳೆಯ ಗೈಡ್ ನೋಡಿಕೊಂಡು, ಓನರ್ ಮಾಡದೆ ಡೇಟಾಬೇಸ್ ಮೇಲೆ ಬರೀ ಗ್ರಾಂಟ್ (ಬಳಸುವ ಹಕ್ಕು) ಕೊಟ್ಟು ಮುಂದೆ ಹೋದವರಿಗೆ "ಪರ್ಮಿಷನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್" ಅಂತ ಬರುವುದು ಇದರಿಂದಲೇ. ಡೇಟಾಬೇಸ್ ರೆಡ್‌ಮೈನ್ ಹೆಸರಲ್ಲೇ ಇದ್ದರೆ ತಕರಾರಿಲ್ಲ.

ಮುಂದೆ ರೆಡ್‌ಮೈನ್‌ನ ಕಾನ್ಫಿಗ್ ಫೋಲ್ಡರ್. ಅಲ್ಲಿ ಡೇಟಾಬೇಸ್ ಡಾಟ್ ವೈಎಂಎಲ್‌ನ ಒಂದು ಮಾದರಿ ಫೈಲ್ ಇರುತ್ತದೆ. ಅದನ್ನು ಕಾಪಿ ಮಾಡಿ, ಪ್ರೊಡಕ್ಷನ್ ಭಾಗದಲ್ಲಿ ಅಡಾಪ್ಟರ್, ಡೇಟಾಬೇಸ್ ಹೆಸರು, ಹೋಸ್ಟ್, ಯೂಸರ್‌ನೇಮ್, ಪಾಸ್‌ವರ್ಡ್ ತುಂಬಿ. ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಪಾಸ್‌ವರ್ಡ್ ಕೋಟ್ ಒಳಗೆ ಇರಲಿ. ಅದು ಹ್ಯಾಶ್ ಚಿಹ್ನೆಯಿಂದ ಶುರುವಾದರೆ ವೈಎಂಎಲ್ ಅದನ್ನು ಕಾಮೆಂಟ್ ಅಂದುಕೊಂಡು ಬಿಟ್ಟುಬಿಡುತ್ತದೆ.

ಹೋಸ್ಟ್ ಜಾಗದಲ್ಲಿ ಲೋಕಲ್‌ಹೋಸ್ಟ್ ಅಂತ ಬರೆಯಲೇಬೇಕಾ, ಅದೇ ಮಷೀನ್ ಅಲ್ವಾ? ಬರೆಯಿರಿ. ಬರೆಯದಿದ್ದರೆ ಯೂನಿಕ್ಸ್ ಸಾಕೆಟ್ ಅನ್ನುವ, ಮಷೀನ್ ಒಳಗಿನದೇ ದಾರಿಯಲ್ಲಿ ಹೋಗುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಸಾಕೆಟ್‌ಗೆ ಪೀರ್ ಅನ್ನುವ ನಿಯಮ: ನಿಮ್ಮ ಲಿನಕ್ಸ್ ಬಳಕೆದಾರನ ಹೆಸರೂ ಡೇಟಾಬೇಸ್ ಬಳಕೆದಾರನ ಹೆಸರೂ ಒಂದೇ ಇರಬೇಕು, ಪಾಸ್‌ವರ್ಡ್ ಕೇಳುವುದೇ ಇಲ್ಲ. ಪಾಸ್‌ವರ್ಡ್ ಸರಿಯಾಗಿದ್ದರೂ "ಪೀರ್ ಅಥೆಂಟಿಕೇಶನ್ ಫೇಲ್ಡ್" ಅಂತ ಬಂದರೆ ಪಾಸ್‌ವರ್ಡ್ ಬದಲಾಯಿಸುತ್ತಾ ಕೂರಬೇಡಿ, ಹೋಸ್ಟ್ ಸಾಲು ನೋಡಿ.

ಈಗ ಬಂಡಲ್ ಇನ್‌ಸ್ಟಾಲ್, ರೆಡ್‌ಮೈನ್‌ಗೆ ಬೇಕಾದ ಜೆಮ್‌ಗಳನ್ನು (ರೂಬಿ ಲೈಬ್ರರಿಗಳನ್ನು) ಹಾಕುವ ಕಮಾಂಡ್. ಕ್ರಮ ಮುಖ್ಯ. ಯಾವ ಡೇಟಾಬೇಸ್‌ನ ಜೆಮ್ ಹಾಕಬೇಕು ಅಂತ ರೆಡ್‌ಮೈನ್ ತಿಳಿದುಕೊಳ್ಳುವುದು ನೀವು ಈಗ ತುಂಬಿದ ಫೈಲ್ ಓದಿಯೇ. ಫೈಲ್ ಮೊದಲು, ಬಂಡಲ್ ಆಮೇಲೆ. ನಂತರ ಇನ್ನೂ ಮೂರು ಕಮಾಂಡ್: ಸೆಷನ್ ಕಾಯುವ ಸೀಕ್ರೆಟ್ ಟೋಕನ್, ಟೇಬಲ್‌ಗಳನ್ನು ಮಾಡುವ ಡಿಬಿ ಮೈಗ್ರೇಟ್, ಡೀಫಾಲ್ಟ್ ಡೇಟಾ ಲೋಡ್. ರೆಡ್‌ಮೈನ್‌ನ ಮೊದಲ ಲಾಗಿನ್ ಹೆಸರು ಅಡ್ಮಿನ್, ಪಾಸ್‌ವರ್ಡ್ ಕೂಡ ಅಡ್ಮಿನ್. ಅದು ಜಗತ್ತಿಗೇ ಗೊತ್ತು, ತಕ್ಷಣ ಬದಲಾಯಿಸಿ.

[ಸ್ಕ್ರೀನ್: ಎರಡು ಟೇಬಲ್ ಅಕ್ಕಪಕ್ಕ, ಜರ್ನಲ್ಸ್ ಮತ್ತು ಜರ್ನಲ್ ಡೀಟೇಲ್ಸ್]

ಶುರುವಿನ ರಸೀದಿ ಇಶ್ಯೂವನ್ನು ಈಗ ಒಳಗಿನಿಂದ ನೋಡೋಣ. ಅದನ್ನು ನ್ಯೂನಿಂದ ಕ್ಲೋಸ್ಡ್‌ಗೆ ಬದಲಾಯಿಸುತ್ತೇನೆ. ಇಶ್ಯೂಸ್ ಟೇಬಲ್‌ನಲ್ಲಿ ಸ್ಟೇಟಸ್ ಐಡಿ 1 ಇದ್ದದ್ದು 5 ಆಯಿತು. ಹಳೆಯ 1 ಅಲ್ಲಿ ಉಳಿಯಲಿಲ್ಲ. ಜೊತೆಗೆ ಜರ್ನಲ್ಸ್‌ನಲ್ಲಿ ಒಂದು ಸಾಲು: ಯಾರು, ಯಾವಾಗ, ಏನು ಬರೆದರು. ಜರ್ನಲ್ ಡೀಟೇಲ್ಸ್‌ನಲ್ಲಿ ಇನ್ನೊಂದು: ಸ್ಟೇಟಸ್ ಐಡಿ, ಹಳೆಯ ಬೆಲೆ 1, ಹೊಸ ಬೆಲೆ 5. ಹೆಸರಲ್ಲ, ಐಡಿ. ಅಂದರೆ ನಾಳೆ ನೀವು ಕ್ಲೋಸ್ಡ್ ಅನ್ನುವುದನ್ನು "ಮುಗಿಯಿತು" ಅಂತ ಹೆಸರು ಬದಲಾಯಿಸಿದರೆ ಹಳೆಯ ಇತಿಹಾಸದಲ್ಲೂ "ಮುಗಿಯಿತು" ಅಂತಲೇ ಕಾಣುತ್ತದೆ.

ರಿಲೇಷನಲ್ ಡೇಟಾಬೇಸ್‌ನ ರುಚಿ ಸಿಗುವುದು ಇಲ್ಲಿ. ಮುಚ್ಚಿದ ಮೇಲೂ ಮತ್ತೆ ತೆರೆದ ಇಶ್ಯೂ ಯಾವುವು? ಜರ್ನಲ್ ಡೀಟೇಲ್ಸ್‌ನಲ್ಲಿ ಸ್ಟೇಟಸ್ ಐಡಿಯ ಹಳೆಯ ಬೆಲೆ 5 ಇರುವ ಸಾಲುಗಳನ್ನು ಹುಡುಕಿ, ಜರ್ನಲ್ಸ್ ಜೊತೆ ಜಾಯಿನ್ ಮಾಡಿದರೆ ಪಟ್ಟಿ ರೆಡಿ. ರಿಪೋರ್ಟ್‌ಗೆ ಓದಲು ಮಾತ್ರ ಹಕ್ಕಿರುವ ಬೇರೆ ರೋಲ್ ಮಾಡಿಕೊಳ್ಳಿ.

ಓದಲು ಮಾತ್ರ ಅಂದದ್ದಕ್ಕೆ ಕಾರಣ ಇದೆ. ಪಿಎಸ್‌ಕ್ಯೂಎಲ್‌ನಿಂದಲೇ ನೂರು ಇಶ್ಯೂ ಒಂದೇ ಏಟಿಗೆ ಕ್ಲೋಸ್ ಮಾಡಿದರೆ ಸ್ಟೇಟಸ್ ಬದಲಾಗುತ್ತದೆ, ಜರ್ನಲ್ ಹುಟ್ಟುವುದಿಲ್ಲ. ಯಾರು ಮುಚ್ಚಿದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಡಿಲೀಟ್ ಇನ್ನೂ ಕೆಟ್ಟದ್ದು. ಇಶ್ಯೂಸ್ ಮತ್ತು ಜರ್ನಲ್ಸ್ ನಡುವೆ ಫಾರಿನ್ ಕೀ, ಅಂದರೆ ಎರಡು ಟೇಬಲ್‌ಗಳ ನಂಟನ್ನು ಡೇಟಾಬೇಸೇ ಕಾಯುವ ನಿಯಮ, ಇಲ್ಲ. ನೀವು ಇಶ್ಯೂ ಅಳಿಸಿದರೆ ಪೋಸ್ಟ್‌ಗ್ರೆಸ್ ತಡೆಯುವುದಿಲ್ಲ, ಜರ್ನಲ್ ಸಾಲುಗಳು ಅನಾಥವಾಗಿ ಬಿದ್ದಿರುತ್ತವೆ. ಆ ಸಂಬಂಧ ಕಾಯುವುದು ರೈಲ್ಸ್ ಕೋಡ್. ಬದಲಾವಣೆ ಏನಿದ್ದರೂ ರೆಡ್‌ಮೈನ್ ಪುಟದಿಂದ ಅಥವಾ ಅದರ ಎಪಿಐನಿಂದ (ಬೇರೆ ಪ್ರೋಗ್ರಾಂಗಳು ರೆಡ್‌ಮೈನ್ ಜೊತೆ ಮಾತಾಡುವ ದಾರಿ) ಮಾಡಿ.

[ಸ್ಕ್ರೀನ್: ಇಶ್ಯೂಗೆ ಅಂಟಿಸಿದ ಸ್ಕ್ರೀನ್‌ಶಾಟ್]

ಕೊನೆಗೆ ಬ್ಯಾಕಪ್. ಡೇಟಾಬೇಸ್‌ನ ಪ್ರತಿ ತೆಗೆಯುವ ಪಿಜಿ ಡಂಪ್ ಕಮಾಂಡ್‌ನ ಕಸ್ಟಮ್ ಫಾರ್ಮ್ಯಾಟ್ ಬಳಸಿ, ಹೇಳಿದ ಹೊತ್ತಿಗೆ ತಾನೇ ಕೆಲಸ ಓಡಿಸುವ ಕ್ರಾನ್‌ನಲ್ಲಿ ಅದು ದಿನಾ ಓಡಲಿ. ಆದರೆ ಈ ಸ್ಕ್ರೀನ್‌ಶಾಟ್ ಆ ಡಂಪ್‌ನಲ್ಲಿ ಇರುವುದಿಲ್ಲ! ಡೇಟಾಬೇಸ್‌ನಲ್ಲಿ ಇರುವುದು ಅದರ ಹೆಸರು, ಅಳತೆ, ವಿಳಾಸ ಇಷ್ಟೇ. ಚಿತ್ರ ಇರುವುದು ರೆಡ್‌ಮೈನ್‌ನ ಫೈಲ್ಸ್ ಫೋಲ್ಡರ್‌ನಲ್ಲಿ. ಎರಡನ್ನೂ ಒಟ್ಟಿಗೆ ಎತ್ತಿಡಿ, ಡಂಪ್ ಮೊದಲು, ಫೋಲ್ಡರ್ ಆಮೇಲೆ. ಆಗ ನಡುವೆ ಯಾರಾದರೂ ಫೈಲ್ ಹಾಕಿದರೆ ಒಂದು ಫೈಲ್ ಜಾಸ್ತಿ ಇರುತ್ತದೆ ಅಷ್ಟೇ. ಉಲ್ಟಾ ಮಾಡಿದರೆ ಹೆಸರು ಇರುತ್ತದೆ, ಫೈಲ್ ಇರುವುದಿಲ್ಲ.

ಹೊಸ ವರ್ಷನ್‌ಗೆ ಹೋಗುವ ಮೊದಲು ಇನ್ನೊಂದು ಡಂಪ್ ತೆಗೆಯಿರಿ, ಡಿಬಿ ಮೈಗ್ರೇಟ್ ಕಮಾಂಡ್ ಟೇಬಲ್‌ಗಳ ಆಕಾರವನ್ನೇ ಬದಲಾಯಿಸುತ್ತದೆ. ಡಂಪ್ ಇದೆ ಅಂತ ನಂಬಿ ಕೂರಬೇಡಿ. ಬೇರೆ ಮಷೀನ್‌ನಲ್ಲಿ ಖಾಲಿ ಡೇಟಾಬೇಸ್ ಮಾಡಿ, ಪಿಜಿ ರಿಸ್ಟೋರ್ ಓಡಿಸಿ, ಫೈಲ್ಸ್ ಫೋಲ್ಡರ್ ಕಾಪಿ ಮಾಡಿ. ಯಾವುದಾದರೂ ಹಳೆಯ ಇಶ್ಯೂ ತೆರೆದು ಅದರ ಇತಿಹಾಸ ಓದಿ, ಅಟ್ಯಾಚ್‌ಮೆಂಟ್ ಮೇಲೆ ಕ್ಲಿಕ್ ಮಾಡಿ. ಆಮೇಲೆ ಒಂದು ಹೊಸ ಇಶ್ಯೂ ಹಾಕಿ, ಕನ್ನಡದಲ್ಲಿ, ಇಮೋಜಿ ಸಮೇತ. ಎಲ್ಲಿ ಕೈಕೊಟ್ಟಿತು ಅಂತ ಕಾಮೆಂಟ್‌ನಲ್ಲಿ ಎರರ್ ಸಾಲಿನ ಜೊತೆ ಬರೆಯಿರಿ, ನೋಡೋಣ.