ಹಕ್ಕಿಯಾ, ಹುಲಿಯಾ?

ನಮಸ್ಕಾರ. ಚಳಿ ಶುರುವಾದರೆ ಸಾಕು, ಬೆಂಗಳೂರಿನ ನೆಂಟರ ಫೋನು ಬರುತ್ತದೆ. "ನಾಗರಹೊಳೆಗೆ ಹಕ್ಕಿ ನೋಡೋಕೆ ಬರ್ತೀವಿ, ಒಂದು ದಿನ ಸಾಕಾ?" ನಾನು ಕೇಳುವುದು ಒಂದೇ. ಹಕ್ಕಿಯಾ, ಹುಲಿಯಾ?

ಸಫಾರಿ ಗಾಡಿ ಓಡುವುದೇ ಹುಲಿಯ ಹಿಂದೆ. ಕೊಡಗಿನ ಕುಟ್ಟದ ಹತ್ತಿರ ನಾಣಚ್ಚಿ ಗೇಟಿನಿಂದ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಕರೆದುಕೊಂಡು ಹೋಗುತ್ತಾರೆ. ಕಾಡಿನೊಳಗೆ ಕೆಳಗಿಳಿಯುವಂತಿಲ್ಲ. ಮರಕುಟಿಗ ಕಂಡಿತು, ನಿಲ್ಲಿಸಿ ಅಂದರೆ ಹಿಂದಿನ ಸೀಟಿನವರು ಗೊಣಗುತ್ತಾರೆ. ಹಾಗಂತ ಬಿಡಬೇಡಿ. ಸಂಜೆಯ ಸಫಾರಿ ಒಂದು ಮಾಡಿ. ಉಳಿದ ಹೊತ್ತು ನಮ್ಮ ಕಾಫಿ ತೋಟದ ಅಂಚಿಗೆ ಕೊಡಿ. ತೋಟದವರನ್ನು ಮೊದಲೇ ಕೇಳಿಕೊಳ್ಳಿ. ಆನೆ ಓಡಾಡುವ ಜಾಗ ಯಾವುದು ಅಂತ ಅವರಿಗೇ ಗೊತ್ತು.

ಫೆಬ್ರವರಿ ಹೊತ್ತಿಗೆ ಹಾಲುವಾಣದ ಮರ ಎಲೆ ಉದುರಿಸಿ ಕೆಂಪು ಹೂ ಬಿಟ್ಟು ನಿಂತಿರುತ್ತದೆ. ಅದರ ಕೆಳಗೆ ಸುಮ್ನೆ ಒಂದು ಗಂಟೆ ಕೂತುಬಿಡಿ. ಮೈನಾ, ಗಿಳಿ, ಕಾಜಾಣ, ಸೂರಕ್ಕಿ, ಎಲ್ಲವೂ ಜೇನು ಹೀರಲು ಅಲ್ಲಿಗೇ ಬರುತ್ತವೆ. ಬಿಸಿಲೇರಿದರೆ ಸದ್ದಡಗುತ್ತದೆ, ಬೆಳಗ್ಗೆ ಆರೂವರೆಗೆಲ್ಲ ಅಲ್ಲಿರಿ. ಒಮ್ಮೆ ಗಿಡುಗನ ಕೂಗು ಕೇಳಿ ಅರ್ಧ ಗಂಟೆ ಕತ್ತೆತ್ತಿ ಹುಡುಕಿದೆ. ಕೂಗುತ್ತಿದ್ದದ್ದು ಕಾಜಾಣದ ಜಾತಿಯ ಭೀಮರಾಜ! ಬಾಲದ ಎರಡು ತಂತಿ ಅಲ್ಲಾಡಿಸಿಕೊಂಡು ನನ್ನ ತಲೆಯ ಮೇಲಿನ ಕೊಂಬೆಯಲ್ಲೇ ಕೂತಿತ್ತು. ಬೇರೆ ಹಕ್ಕಿಗಳ ದನಿ ಕದಿಯುವುದರಲ್ಲಿ ಅದು ಎತ್ತಿದ ಕೈ.

ಕಾಕರಣೆ ಹಕ್ಕಿ ಇದಕ್ಕೆ ಪೂರ್ತಿ ಉಲ್ಟಾ. ಗಂಡಿನ ಹೊಟ್ಟೆ ಕುಂಕುಮದಷ್ಟು ಕೆಂಪು, ಆದರೂ ಕಾಣುವುದಿಲ್ಲ. ಬೆನ್ನು ತಿರುಗಿಸಿ ಅಲುಗಾಡದೆ ಕೂತಿರುತ್ತದಲ್ಲ!

ಇನ್ನು ಮಂಗಟ್ಟೆ, ಅಂದರೆ ದಪ್ಪ ಕೊಕ್ಕಿನ ಹಾರ್ನ್‌ಬಿಲ್. ದೊಡ್ಡ ಮಂಗಟ್ಟೆ ಹಾರಿದರೆ ರೆಕ್ಕೆಯ ಸದ್ದೇ ಮೊದಲು ಕೇಳುತ್ತದೆ, ಹಳೇ ಉಗಿಬಂಡಿ ಬಂದ ಹಾಗೆ. ಬೇಸಿಗೆಯಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ. ಗಂಡು ಸೀಳಿನಿಂದ ಹಣ್ಣು ಉಣಿಸಬೇಕು. ಗಂಡು ಹಣ್ಣು ಕಚ್ಚಿಕೊಂಡು ದೂರದ ಕೊಂಬೆಯಲ್ಲೇ ಕಾಯುತ್ತಿದೆಯಾ? ನೀವು ಗೂಡಿಗೆ ತೀರಾ ಹತ್ತಿರ ಬಂದಿದ್ದೀರಿ ಅಂತ ಅರ್ಥ. ಹಿಂದೆ ಸರಿಯಿರಿ. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವವರು ನಮ್ಮ ತೋಟಕ್ಕೆ ಬರುವುದೇ ಬೇಡ.

ಎಂಟು ಪಟ್ಟಿನ ದುರ್ಬೀನು, ಮಣ್ಣಿನ ಬಣ್ಣದ ಬಟ್ಟೆ ಸಾಕು. ಸಿಳ್ಳಾರ ಹಕ್ಕಿಯ ಸಿಳ್ಳೆ ಕೇಳಬೇಕೆಂದರೆ ಮಾತ್ರ ಮಳೆಗಾಲದಲ್ಲೇ ಬರಬೇಕು. ಆಗ ಚೀಲದಲ್ಲಿ ಉಪ್ಪಿನ ಪೊಟ್ಟಣ ಇರಲಿ. ಜಿಗಣೆಗೆ ನೆಂಟರು, ಊರವರು ಅಂತ ಭೇದವಿಲ್ಲ.