ಮುಳ್ಳು ನೋಡುವ ಮೊದಲು

ಕೇಳುಗರಿಗೆ ನಮಸ್ಕಾರ. ಈಜುಕೊಳದ ಗೋಡೆಗೆ ಒಂದು ದೊಡ್ಡ ಗಡಿಯಾರ ಒರಗಿಸಿ ಇಟ್ಟಿರುತ್ತಾರಲ್ಲ, ನೋಡಿದ್ದೀರಾ? ಅದರಲ್ಲಿ ಗಂಟೆ ಗೊತ್ತಾಗುವುದಿಲ್ಲ. ಬರೀ ಸೆಕೆಂಡು. ಕೆಂಪು ಮುಳ್ಳೊಂದು ಸುಮ್ನೆ ಸುತ್ತುತ್ತಿರುತ್ತದೆ. ಪೇಸ್ ಕ್ಲಾಕ್ ಅಂತಾರೆ.

ಕೋಚ್ "ಹತ್ತು ನೂರು, ಒಂದು ನಲವತ್ತಕ್ಕೆ" ಎಂದು ಕೂಗುತ್ತಾರೆ. 100 ಮೀಟರ್ ಹತ್ತು ಸಲ, 1 ನಿಮಿಷ 40 ಸೆಕೆಂಡಿಗೊಮ್ಮೆ ಗೋಡೆ ಬಿಡಬೇಕು ಅಂತ ಅರ್ಥ. ಬೇಗ ಬಂದರೆ ಉಳಿದಷ್ಟು ಹೊತ್ತು ವಿಶ್ರಾಂತಿ. ಮುಳ್ಳು 60ರಲ್ಲಿದ್ದಾಗ ಹೊರಟು 1:25ಕ್ಕೆ ಬಂದರೆ ಅದು 25ರಲ್ಲಿರುತ್ತದೆ, 15 ಸೆಕೆಂಡು ಸುಧಾರಿಸಿಕೊಂಡು 40ಕ್ಕೆ ಮತ್ತೆ ಹೊರಡಬೇಕು, ಈ ಸಲ ಅದೇ ವೇಗದಲ್ಲಿ ಬಂದರೆ ಮುಳ್ಳು 5ರಲ್ಲಿ ಸಿಗುತ್ತದೆ. ಏದುಸಿರು ಬಿಡುತ್ತಾ ಮಾಡುವ ಲೆಕ್ಕ ಇದು! ನಾನೊಮ್ಮೆ ಲೆಕ್ಕ ತಪ್ಪಿ 1:15ಕ್ಕೆ ಬಂದೆ ಅಂತ ಹಿಗ್ಗಿ, ಪಕ್ಕದ ಲೇನಿನವರ ಮುಂದೆ ಜಂಬ ಕೊಚ್ಚಿ, ಆಮೇಲೆ ತಲೆ ಮುಳುಗಿಸಿಕೊಂಡಿದ್ದೇನೆ.

ಆ 1:25 ಎಲ್ಲಿಂದ ಬರುತ್ತದೆ? ಒಂದು ದಾರಿ ಇದೆ. ಪೂರ್ತಿ ಶಕ್ತಿ ಹಾಕಿ 400 ಮೀಟರ್ ಈಜಿ, ಚೆನ್ನಾಗಿ ಸುಧಾರಿಸಿಕೊಂಡು 200 ಈಜಬೇಕು. 5:00 ಮತ್ತು 2:20 ಬಂತು ಅಂದುಕೊಳ್ಳಿ. ವ್ಯತ್ಯಾಸ 2:40, ಅದರ ಅರ್ಧ 1:20, ಅಂದರೆ 100 ಮೀಟರಿಗೆ ಅಷ್ಟು. ತುಂಬಾ ಹೊತ್ತು ಹಿಡಿದಿಡಬಲ್ಲ ವೇಗ ಹೆಚ್ಚುಕಡಿಮೆ ಅಷ್ಟು. ಅಭ್ಯಾಸದ ಗುರಿಯನ್ನು ಅದರ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತಾರೆ.

ಕಷ್ಟ ಏನಂದರೆ, ಮೊದಲ ಎರಡು ನೂರರಲ್ಲಿ ಮೈ ಹಗುರ. ಸುಳ್ಳು ಹೇಳುತ್ತದೆ. ಅಲ್ಲಿ ಉಬ್ಬಿ 1:18ಕ್ಕೆ ಹೋದವನು ಏಳನೆಯದರಲ್ಲಿ ಗೋಡೆ ಹಿಡಿದು ನೇತಾಡುತ್ತಾನೆ, ನಾನು ಕಂಡಿದ್ದೇನೆ. ಅದಕ್ಕೇ ಕೈ ಬೀಸುವುದನ್ನೂ ಎಣಿಸಬೇಕು. 50 ಮೀಟರಿಗೆ 38 ಇದ್ದದ್ದು ಅದೇ ಸಮಯಕ್ಕೆ 43 ಆಯಿತಾ? ಸುಸ್ತಾಗಿ ಕೈ ನೀರನ್ನು ಹಿಡಿಯುತ್ತಿಲ್ಲ, ಜಾರಿಸುತ್ತಿದೆ. ಕೆಲವರು ಟೋಪಿಯೊಳಗೆ ಬೀಪ್ ಅನ್ನುವ ಪುಟ್ಟ ಯಂತ್ರ ಸಿಕ್ಕಿಸಿಕೊಳ್ಳುತ್ತಾರೆ. ನನಗದು ಕಿರಿಕಿರಿ.

ಅಮೆರಿಕದ ಕೇಟಿ ಲೆಡೆಕಿ 2018ರಲ್ಲಿ 1500 ಮೀಟರನ್ನು 15:20.48ಕ್ಕೆ ಮುಗಿಸಿ ಮಹಿಳೆಯರ ವಿಶ್ವದಾಖಲೆ ಮಾಡಿದರು. ಸರಾಸರಿ 50 ಮೀಟರಿಗೆ 30.7 ಸೆಕೆಂಡು, ಅಂಥವು ಮೂವತ್ತು. ಈಜುವಾಗ ಗಡಿಯಾರ ಎಲ್ಲಿ ಕಾಣುತ್ತೆ ಹೇಳಿ?

ಅದಕ್ಕೇ ಒಂದು ಆಟ ಇದೆ. ಗೋಡೆ ಮುಟ್ಟಿ, ಮುಳ್ಳು ನೋಡುವ ಮೊದಲೇ ನಿಮ್ಮ ಸಮಯ ಹೇಳಬೇಕು. ಆಮೇಲೆ ನೋಡಿ. ನಮ್ಮ ಪಕ್ಕದ ಲೇನಿನಲ್ಲಿ ಹನ್ನೆರಡು ವರ್ಷದ ಹುಡುಗಿ ಒಬ್ಬಳು ಕನ್ನಡಕ ಮೇಲೆತ್ತುವ ಮೊದಲೇ "ಒಂದು ಇಪ್ಪತ್ನಾಲ್ಕು" ಅಂದಳು. ನಾನೂ ತಿರುಗಿ ನೋಡಿದೆ. ಮುಳ್ಳು 24ನ್ನು ಆಗಷ್ಟೇ ದಾಟುತ್ತಿತ್ತು.