ಮೊದಲು ದಡ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಮೀನಿಲ್ಲದೆ ಬರಿದಾದ ತೊರೆಗೆ ಮತ್ತೆ ಟ್ರೌಟ್ ಅನ್ನೋ ತಣ್ಣೀರಿನ ಮೀನು ತರಬೇಕು ಅಂತ ಹೊರಟ ಸ್ವಯಂಸೇವಕರು ನನ್ನನ್ನು ಮೊದಲು ಕೇಳುವುದು ಒಂದೇ: "ಸರ್, ಮರಿ ಯಾವಾಗ ಬಿಡೋಣ?" ದಯವಿಟ್ಟು ಮರಿಯ ಮಾತು ಬಿಡಿ. ಮೊದಲು ದಡ ನೋಡಿ.

ಹೆಣ್ಣು ಟ್ರೌಟ್ ತೊರೆಯ ತಳದ ಸಣ್ಣ ಉರುಟುಕಲ್ಲುಗಳನ್ನು ಬಾಲದಿಂದ ಬಡಿದು ಗುಂಡಿ ತೋಡುತ್ತದೆ. ಮೊಟ್ಟೆಯಿಟ್ಟು ಮತ್ತೆ ಕಲ್ಲು ಮುಚ್ಚುತ್ತದೆ. ಕಲ್ಲುಗಳ ಸಂದಿಯಲ್ಲಿ ಹರಿಯುವ ನೀರೇ ಆ ಮೊಟ್ಟೆಗೆ ಉಸಿರು. ಸಂದಿಗೆ ಹೂಳು ತುಂಬಿತೋ, ಮೊಟ್ಟೆ ಸತ್ತಿತು. ಹೂಳು ಬರುವುದು ಎಲ್ಲಿಂದ? ದಡದಿಂದ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಒಮ್ಮೆ 40 ಜನ ಎರಡು ದಿನ ನೀರಿನಲ್ಲಿ ನಿಂತು, ಹಾರೆ ಗುದ್ದಲಿಯಿಂದ ತಳ ಕೆದಕಿ ಹೂಳು ತೇಲಿಬಿಟ್ಟೆವು. ಅದು ಕೆಳಗೆ ಯಾರ ಪಾಲಾಯಿತು ಅನ್ನೋದು ಆಗ ಹೊಳೆಯಲಿಲ್ಲ ಬಿಡಿ. ಬೆರಳು ಮರಗಟ್ಟಿದ್ದವು. ಕಲ್ಲುಗಳು ಮಾತ್ರ ಫಳಫಳ. ಫೋಟೊ ಬೇರೆ ತೆಗೆಸಿಕೊಂಡೆವು, ನಾನೇ ನಡುವೆ! ಹತ್ತು ದಿನಕ್ಕೆ ಮಳೆ ಬಂತು. ಹೋಗಿ ಕೈ ಹಾಕಿದರೆ ಬೆರಳ ಗೆಣ್ಣು ಮುಳುಗುವಷ್ಟು ಕೆಸರು. ನಮ್ಮ ಜೊತೆಗಿದ್ದ ಹುಡುಗಿಯೊಬ್ಬಳು ಏನೂ ಮಾತಾಡದೆ ದಡ ಹಿಡಿದು ಮೇಲಕ್ಕೆ ನಡೆದಳು. ನಾನೂ ಹಿಂದೆ ಹೋದೆ. 300 ಹೆಜ್ಜೆ ಆಚೆ ದನಗಳು ನೀರಿಗಿಳಿಯುವ ಜಾಗ. ಒಂದು ಗಿಡ ಇಲ್ಲ. ಕುಸಿದ ದಡದ ತುಂಬ ಗೊರಸಿನ ಗುಳಿಗಳು. ಒಂದೊಂದು ಗುಳಿಯಿಂದಲೂ ಕೆಸರಿನ ಎಳೆ ನೀರಿಗೆ ಇಳಿಯುತ್ತಿತ್ತು. "ಸರ್, ಆ ಎರಡು ದಿನ ಇಲ್ಲಿಗೆ ಬಂದಿದ್ದರೆ ಸಾಕಿತ್ತು, ಅಲ್ವಾ?" ಅಂದಳು.

ಆಮೇಲೆ ಬೇಲಿ ಹಾಕಿದೆವು. ದನಗಳಿಗೆ ಆಚೆ ತೊಟ್ಟಿ ಇಟ್ಟೆವು. ದಡದುದ್ದಕ್ಕೂ ವಿಲ್ಲೋ ಗಿಡದ ಹಸಿ ಕಡ್ಡಿ ಚುಚ್ಚಿದೆವು. ಅದು ಸುಮ್ನೆ ಚುಚ್ಚಿದರೂ ಬೇರು ಬಿಡುತ್ತದೆ. ಬೇರು ಮಣ್ಣು ಹಿಡಿಯುತ್ತದೆ, ನೆರಳು ನೀರನ್ನು ತಣ್ಣಗಿಡುತ್ತದೆ. 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟ್ರೌಟ್‌ಗೆ ಸಂಕಟ. ನೋಡಿ, ಅದೂ ದಡದ ಕೆಲಸವೇ.

1959ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಟ್ರೌಟ್ ಅನ್‌ಲಿಮಿಟೆಡ್ ಸಂಘ ಕಟ್ಟಿದವರೂ ಮೀನು ಹಿಡಿಯುವವರೇ. ಸಾಕಿದ ಮೀನು ತಂದು ಸುರಿಯುವುದರ ಬದಲು ತೊರೆಯನ್ನೇ ಕಾಪಾಡಿ ಅಂದರು. ಇಷ್ಟು ವರ್ಷವಾದರೂ ಮರಿ ಎಲ್ಲಿ ಅಂತ ಕೇಳುತ್ತೀರಲ್ಲ!

ಮೀನು ಅಡಗಲು ನೀರಿಗೆ ಮರದ ದಿಮ್ಮಿ ಹಾಕುವುದು, ಮೀನು ದಾಟಲು ರಸ್ತೆಯಡಿಯ ಪೈಪು ಸರಿಮಾಡುವುದು ಕೂಡ ಹೇಳಬೇಕಿತ್ತು. ಸಮಯವಿಲ್ಲ. ಒಂದು ಮಾತ್ರ ಹೇಳಿಬಿಡುತ್ತೇನೆ. ಮೊಟ್ಟೆಯಿಡುವ ಕಾಲದಲ್ಲಿ ತಳದಲ್ಲಿ ತೊಳೆದಿಟ್ಟಂಥ, ತಿಳಿ ಬಣ್ಣದ ಕಲ್ಲಿನ ಹಾಸು ಕಂಡರೆ ಅದರ ಮೇಲೆ ಬೂಟು ಇಡಬೇಡಿ. ಅದು ಗೂಡು. ದಡದಲ್ಲೇ ನಿಂತು ನೋಡಿ. ನಮಸ್ಕಾರ.